ಎಕ್ಸೆಲ್ ಆಡ್‌ಇನ್ ಜೊತೆ ಬರುವ ಡಿಎಲ್‌ಎಲ್ ಫೈಲುಗಳನ್ನು ಎಲ್ಲಿ ಇಡಬೇಕು? ಮೊನ್ನೆ ಓಡುತ್ತಿತ್ತು, ಈಗ ಇಲ್ಲ

ವಖಾರಿ ಲೆಕ್ಕ, ಶಿರಸಿ (ಶುಕ್ರವಾರ ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ನಮ್ಮದೊಂದು ಸಣ್ಣ ಅಡಿಕೆ ವಖಾರಿ ಇದೆ. ಈಗ ಚಾಲಿ (ಒಣಗಿಸಿ ಸುಲಿದ ಅಡಿಕೆ) ಬರುವ ಸಮಯ, ದಿನಕ್ಕೆ ನಲವತ್ತು-ಐವತ್ತು ಚೀಲ ತೂಗಬೇಕು. ಮೊದಲೆಲ್ಲ ಕಾಟಾದಲ್ಲಿ ಕಂಡ ತೂಕವನ್ನು ಚೀಟಿಯಲ್ಲಿ ಬರೆದು, ಸಂಜೆ ಎಕ್ಸೆಲ್‌ಗೆ ಹೊಡೆಯುತ್ತಿದ್ದೆವು. ಒಂದು ಸಲ 64.35 ಹೊಡೆಯುವಲ್ಲಿ 63.45 ಬಿತ್ತು. ತಂದವರು ಹಳೆಯ ಪರಿಚಯದವರು. ಏನೂ ಅನ್ನಲಿಲ್ಲ, ಆದರೆ ನನಗೆ ಮನಸ್ಸಿಗೆ ತುಂಬಾ ಬೇಜಾರಾಯಿತು.

ಅದಕ್ಕೇ ನನ್ನ ಅಕ್ಕನ ಮಗ ಒಂದು ಆಡ್‌ಇನ್ (ಎಕ್ಸೆಲ್‌ಗೆ ಜೋಡಿಸುವ ಸಣ್ಣ ಪ್ರೋಗ್ರಾಂ) ಮಾಡಿಕೊಟ್ಟ. ಎಲೆಕ್ಟ್ರಾನಿಕ್ ಕಾಟಾದಿಂದ ಲ್ಯಾಪ್‌ಟಾಪ್‌ಗೆ ಒಂದು ಕೇಬಲ್. ಸೆಲ್‌ನಲ್ಲಿ ಒಂದು ಫಂಕ್ಷನ್ ಕೊಟ್ಟರೆ ತೂಕ ತಾನೇ ಬಂದು ಕೂರುತ್ತದೆ. ಒಟ್ಟು ಮೂರು ಫೈಲು. ಒಂದು ಎಕ್ಸ್‌ಎಲ್‌ಎಲ್ (ಆಡ್‌ಇನ್ ಫೈಲು), ಎರಡು ಡಿಎಲ್‌ಎಲ್ (ಅದಕ್ಕೆ ಬೇಕಾದ ಕೋಡ್ ಇರುವ ಜೊತೆ ಫೈಲುಗಳು). ಮೂರೂ ಡಿ ಡ್ರೈವ್‌ನಲ್ಲಿ "ತೂಕ" ಎಂಬ ಒಂದೇ ಫೋಲ್ಡರಿನಲ್ಲಿವೆ.

ಹದಿನೈದು ದಿನ ಚೆನ್ನಾಗಿ ನಡೆಯಿತು. ನಿನ್ನೆ ರಾತ್ರಿ ಜೋರು ಗುಡುಗು-ಮಳೆ, ಕರೆಂಟು ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಯೂ ಖಾಲಿ. ಬೆಳಿಗ್ಗೆ ಎಕ್ಸೆಲ್ ತೆರೆದರೆ ಆಡ್‌ಇನ್ ಇಲ್ಲ. ಫೈಲಿನ ಸ್ವರೂಪಕ್ಕೂ ಎಕ್ಸ್‌ಟೆನ್ಶನ್‌ಗೂ ಹೊಂದಿಕೆ ಇಲ್ಲ, ಫೈಲು ಕೆಟ್ಟಿರಬಹುದು ಅಂತ ಎಚ್ಚರಿಕೆ ಬರುತ್ತದೆ. ಕರೆಂಟು ಹೋಗಿ ಫೈಲು ಹಾಳಾಯಿತಾ ಅಂತ ಪೆನ್‌ಡ್ರೈವ್‌ನಿಂದ ಮತ್ತೆ ಕಾಪಿ ಮಾಡಿದೆ. ಅದೇ ಕಥೆ.

ವಿಚಿತ್ರ ಏನೆಂದರೆ, ಎಕ್ಸೆಲ್ ಒಳಗಿಂದ ಓಪನ್ ಕೊಟ್ಟು, ಆ ಫೋಲ್ಡರಿಗೆ ಹೋಗಿ ಎಕ್ಸ್‌ಎಲ್‌ಎಲ್ ತೆರೆದರೆ ಸರಿಯಾಗಿ ಓಡುತ್ತದೆ! ಮುಚ್ಚಿ ತೆರೆದರೆ ಮತ್ತೆ ಇಲ್ಲ. ಆ ಎರಡು ಡಿಎಲ್‌ಎಲ್ ಬೇರೆ ಎಲ್ಲಾದರೂ ಇರಬೇಕಾ? ಹುಡುಗ ಬೆಂಗಳೂರಲ್ಲಿ ಹೊಸ ಕೆಲಸಕ್ಕೆ ಸೇರಿದ್ದಾನೆ, ಹಗಲು ಫೋನಿಗೆ ಸಿಗುವುದಿಲ್ಲ. ಗೊತ್ತಿದ್ದವರು ಹೇಳಿ.

ಕುಮಟಾ ಪೇಟೆ

ಅಣ್ಣ, ಡಿಎಲ್‌ಎಲ್ ಯಾವುದೇ ಇರಲಿ, ಸಿ ಡ್ರೈವ್‌ನ ವಿಂಡೋಸ್ ಒಳಗೆ ಸಿಸ್ಟಮ್32 ಅಂತ ಫೋಲ್ಡರ್ ಇದೆ ನೋಡಿ, ಅಲ್ಲಿಗೆ ಹಾಕಿ. ಆಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ರೆಗ್‌ಎಸ್‌ವಿಆರ್32 ಕೊಟ್ಟು ರಿಜಿಸ್ಟರ್ ಮಾಡಿ. ನಮ್ಮ ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರಿಗೆ ಹೀಗೇ ಮಾಡಿದ್ದು, ಹತ್ತು ವರ್ಷದಿಂದ ನಡೆಯುತ್ತಿದೆ.

ವಖಾರಿ ಲೆಕ್ಕ, ಶಿರಸಿ

ಹಾಕಿದೆ. ಎರಡನ್ನೂ. ಏನೂ ಬದಲಾಗಲಿಲ್ಲ. ರಿಜಿಸ್ಟರ್ ಮಾಡಲು ಹೋದರೆ ಅದೂ ಆಗಲಿಲ್ಲ, ಎಂಟ್ರಿ ಪಾಯಿಂಟ್ ಸಿಗಲಿಲ್ಲ ಅಂತ ಬರುತ್ತದೆ.

ಕಾಳಿ ದಂಡೆ, ಕಾರವಾರ

ಸರ್, ಸ್ವಲ್ಪ ನಿಲ್ಲಿ. ಸಿಸ್ಟಮ್32ಗೆ ಹಾಕಿದ ಎರಡನ್ನೂ ಮೊದಲು ತೆಗೆಯಿರಿ. ನೀವು ಹಾಕಿದ ಹೆಸರಿನವು ಮಾತ್ರ, ಬೇರೆ ಯಾವುದನ್ನೂ ಮುಟ್ಟಬೇಡಿ.

ಕುಮಟಾದವರು ಹೇಳಿದ್ದು ಹಳೆಯ ಕಾಲದ ರೂಢಿ, ಅವರ ತಪ್ಪೇನಿಲ್ಲ. ತುಂಬಾ ಇನ್‌ಸ್ಟಾಲರ್‌ಗಳೇ ಹಾಗೆ ಮಾಡುತ್ತಿದ್ದವು. ಆದರೆ ರೆಗ್‌ಎಸ್‌ವಿಆರ್32 ಬೇಕಾಗುವುದು ಕಾಮ್ ಬಗೆಯ, ಅಂದರೆ ವಿಂಡೋಸ್ ರಿಜಿಸ್ಟ್ರಿಯಲ್ಲಿ ನೋಂದಾಯಿಸಿಕೊಳ್ಳುವ ಡಿಎಲ್‌ಎಲ್‌ಗಳಿಗೆ ಮಾತ್ರ. ನಿಮ್ಮದು ಸಾದಾ ಡಿಎಲ್‌ಎಲ್. ರಿಜಿಸ್ಟರ್ ಮಾಡಲು ಅದರಲ್ಲಿ ಏನೂ ಇಲ್ಲ, ಅದಕ್ಕೇ ಆ ಸಂದೇಶ.

ಎರಡು ಪ್ರಶ್ನೆ ಇದೆ. ನಿಮ್ಮ ಎಕ್ಸೆಲ್ 32 ಬಿಟ್ಟಿನದಾ, 64 ಬಿಟ್ಟಿನದಾ? ಫೈಲ್ ಮೆನುವಿನಲ್ಲಿ ಅಕೌಂಟ್, ಅಲ್ಲಿ ಅಬೌಟ್ ಎಕ್ಸೆಲ್ ಒತ್ತಿದರೆ ಮೇಲಿನ ಸಾಲಿನಲ್ಲೇ ಇರುತ್ತದೆ. ಇನ್ನೊಂದು, ಆ ಹದಿನೈದು ದಿನ ನೀವು ರಾತ್ರಿ ಎಕ್ಸೆಲ್ ಮುಚ್ಚುತ್ತಿದ್ದಿರಾ?

ವಖಾರಿ ಲೆಕ್ಕ, ಶಿರಸಿ

32 ಬಿಟ್ ಅಂತ ಇದೆ. ಎಕ್ಸೆಲ್ 2016. ವಿಂಡೋಸ್ 10 ಮಾತ್ರ 64 ಬಿಟ್. ರಾತ್ರಿ ಮುಚ್ಚುವ ರೂಢಿ ಇಲ್ಲ. ಲ್ಯಾಪ್‌ಟಾಪ್ ಮಡಚಿ ಇಡುತ್ತೇನೆ, ಬೆಳಿಗ್ಗೆ ತೆರೆದರೆ ಎಲ್ಲ ಇದ್ದ ಹಾಗೇ ಇರುತ್ತದೆ. ಹುಡುಗ ಊರಿಗೆ ಬಂದಾಗ ಅವನೇ ತೆರೆದುಕೊಟ್ಟು ಹೋಗಿದ್ದು.

ಕಾಳಿ ದಂಡೆ, ಕಾರವಾರ

ಹಾಗಾದರೆ ಗಂಟು ಬಿಚ್ಚಿತು. ಕರೆಂಟು ನಿಮ್ಮ ಫೈಲನ್ನು ಕೆಡಿಸಿಲ್ಲ. ಮೊದಲ ದಿನದಿಂದಲೂ ಈ ತೊಂದರೆ ಇತ್ತು, ಎಕ್ಸೆಲ್ ಮುಚ್ಚದ ಕಾರಣ ಕಾಣಲಿಲ್ಲ ಅಷ್ಟೇ. ಸ್ವಲ್ಪ ಉದ್ದ ಬರೆಯುತ್ತೇನೆ, ಇದು ತುಂಬಾ ಜನರಿಗೆ ಬರುವ ತೊಂದರೆ.

ಎಕ್ಸ್‌ಎಲ್‌ಎಲ್ ಅಂದರೆ ಅದೂ ಒಂದು ಡಿಎಲ್‌ಎಲ್ಲೇ, ಎಕ್ಸೆಲ್‌ಗೆ ಬೇಕಾದ ಕೆಲವು ಬಾಗಿಲು ಇಟ್ಟುಕೊಂಡದ್ದು. ಎಕ್ಸೆಲ್ ಅದನ್ನು ಪೂರ್ತಿ ದಾರಿ ಹಿಡಿದೇ ತೆರೆಯುತ್ತದೆ, ಹಾಗಾಗಿ ಎಕ್ಸ್‌ಎಲ್‌ಎಲ್ ಎಲ್ಲಿದ್ದರೂ ಸಿಗುತ್ತದೆ. ಆದರೆ ಅದರ ಒಳಗೆ "ನನಗೆ ಇನ್ನೆರಡು ಡಿಎಲ್‌ಎಲ್ ಬೇಕು" ಅಂತ ಬರೆದಿರುತ್ತದಲ್ಲ, ಅಲ್ಲಿ ಇರುವುದು ಬರೀ ಹೆಸರು. ದಾರಿ ಇರುವುದಿಲ್ಲ. ಹೆಸರು ಹಿಡಿದು ಹುಡುಕುವ ಕೆಲಸ ವಿಂಡೋಸ್‌ನದು. ಅದು ಹುಡುಕುವ ಕ್ರಮ ಹೀಗೆ: ಆ ಹೆಸರಿನದು ಈಗಾಗಲೇ ಎಕ್ಸೆಲ್ ಒಳಗೆ ತೆರೆದಿದ್ದರೆ ಅದನ್ನೇ ಕೊಡುತ್ತದೆ. ಇಲ್ಲದಿದ್ದರೆ ಎಕ್ಸೆಲ್ ಪ್ರೋಗ್ರಾಂ ಇರುವ ಫೋಲ್ಡರ್. ಆಮೇಲೆ ಸಿಸ್ಟಮ್32. ಆಮೇಲೆ ಹಳೆಯ 16 ಬಿಟ್ ಕಾಲದ ಸಿಸ್ಟಮ್ ಫೋಲ್ಡರ್, ವಿಂಡೋಸ್ ಫೋಲ್ಡರ್. ಅದಾದ ಮೇಲೆ "ಕರೆಂಟ್ ಡೈರೆಕ್ಟರಿ", ಅಂದರೆ ಆ ಹೊತ್ತಿಗೆ ಎಕ್ಸೆಲ್ ಯಾವ ಫೋಲ್ಡರಿನಲ್ಲಿ ನಿಂತಿದೆಯೋ ಅದು. ಕೊನೆಗೆ ಪಾತ್‌ನಲ್ಲಿ, ಅಂದರೆ ವಿಂಡೋಸ್ ಇಟ್ಟುಕೊಂಡಿರುವ ಹುಡುಕುವ ಜಾಗಗಳ ಪಟ್ಟಿಯಲ್ಲಿ, ಬರೆದಿರುವ ಫೋಲ್ಡರುಗಳು.

ಈ ಸಾಲಿನಲ್ಲಿ ನಿಮ್ಮ "ತೂಕ" ಫೋಲ್ಡರ್ ಎಲ್ಲಿದೆ ಹೇಳಿ? ಎಲ್ಲೂ ಇಲ್ಲ. ಮನೆಗೆ ಬಂದ ನೆಂಟರು ಪಾನದ ಬಟ್ಟಲು ಕೇಳಿದರೆ ಮನೆಯವರು ತಮ್ಮ ಜಗುಲಿ ನೋಡುತ್ತಾರೆ, ಒಳಗೆ ನೋಡುತ್ತಾರೆ, ಪಕ್ಕದ ಮನೆಗೂ ಹೋಗಿ ಬರುತ್ತಾರೆ. ನೆಂಟರ ಚೀಲಕ್ಕೆ ಕೈ ಹಾಕುವುದಿಲ್ಲ. ಇಲ್ಲಿ ಮನೆ ಎಕ್ಸೆಲ್‌ನದು. ನಿಮ್ಮ ಆಡ್‌ಇನ್ ನೆಂಟ. ಬಟ್ಟಲು ಅವನ ಚೀಲದಲ್ಲೇ ಇದೆ, ಆದರೆ ಯಾರೂ ಅಲ್ಲಿ ನೋಡುತ್ತಿಲ್ಲ.

ಹಾಗಾದರೆ ಓಪನ್ ಕೊಟ್ಟಾಗ ಯಾಕೆ ಓಡುತ್ತದೆ? ಓಪನ್ ಕಿಟಕಿಯಲ್ಲಿ ನೀವು ಡಿ ಡ್ರೈವ್‌ಗೆ, ಅಲ್ಲಿಂದ ಆ ಫೋಲ್ಡರಿಗೆ ಹೋದಾಗ ಕರೆಂಟ್ ಡೈರೆಕ್ಟರಿಯೂ ಅಲ್ಲಿಗೇ ಬದಲಾಗುತ್ತದೆ. ಎರಡೂ ಡಿಎಲ್‌ಎಲ್ ಅಲ್ಲೇ ಇವೆ, ಸಿಕ್ಕಿಬಿಡುತ್ತವೆ. ಎಕ್ಸೆಲ್ ಶುರುವಾಗುವಾಗ ತಾನೇ ಆಡ್‌ಇನ್ ತೆರೆದರೆ ಅದು ಸಾಮಾನ್ಯವಾಗಿ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ನಿಂತಿರುತ್ತದೆ. ಸಿಗುವುದಿಲ್ಲ. ಆ "ಸ್ವರೂಪ ಹೊಂದಿಕೆ ಇಲ್ಲ" ಎಂಬ ಸಂದೇಶ ದಾರಿ ತಪ್ಪಿಸುತ್ತದೆ. ಎಕ್ಸ್‌ಎಲ್‌ಎಲ್ ಅನ್ನು ಡಿಎಲ್‌ಎಲ್ ಆಗಿ ತೆರೆಯಲು ಆಗದಿದ್ದರೆ ಎಕ್ಸೆಲ್ ಅದನ್ನು ಸಾದಾ ಶೀಟಿನ ಹಾಗೆ ಓದಲು ನೋಡುತ್ತದೆ. ಆಗ ಬರುವ ಮಾತು ಅದು.

ಇನ್ನು ಸಿಸ್ಟಮ್32ಗೆ ಹಾಕಿದರೂ ಯಾಕೆ ಸಿಗಲಿಲ್ಲ? 64 ಬಿಟ್ ವಿಂಡೋಸ್‌ನಲ್ಲಿ ಸಿಸ್ಟಮ್32 ಎಂಬ ಫೋಲ್ಡರಿನಲ್ಲಿ ಇರುವುದು 64 ಬಿಟ್ ಫೈಲುಗಳು. 32 ಬಿಟ್‌ನವು ಇರುವುದು ಸಿಸ್‌ವಾವ್64ರಲ್ಲಿ. ಹೆಸರು ಪೂರ್ತಿ ಉಲ್ಟಾ, ಆದರೆ ಹಾಗೇ ಇದೆ. ನಿಮ್ಮ 32 ಬಿಟ್ ಎಕ್ಸೆಲ್ "ಸಿಸ್ಟಮ್32" ಅಂತ ಕೇಳಿದರೆ ವಿಂಡೋಸ್ ಅದನ್ನು ಸದ್ದಿಲ್ಲದೆ ಸಿಸ್‌ವಾವ್64ಗೆ ತಿರುಗಿಸುತ್ತದೆ. ನೀವು ಇಟ್ಟದ್ದು ಒಂದು ಕಡೆ, ಅದು ನೋಡಿದ್ದು ಇನ್ನೊಂದು ಕಡೆ.

ಕುಮಟಾ ಪೇಟೆ

ಹಾಗಾದರೆ ಸಿಸ್‌ವಾವ್64ಗೆ ಹಾಕಿದರೆ ಆಯಿತಲ್ಲ?

ಕಾಳಿ ದಂಡೆ, ಕಾರವಾರ

ಓಡುತ್ತದೆ, ನಿಜ. ಆದರೂ ಬೇಡ ಅಂತಲೇ ಹೇಳುತ್ತೇನೆ. ಅದು ಇಡೀ ಯಂತ್ರದ ಎಲ್ಲ ಪ್ರೋಗ್ರಾಂಗಳೂ ನೋಡುವ ಜಾಗ. ನಿಮ್ಮ ಡಿಎಲ್‌ಎಲ್ ಹೆಸರಿನದೇ ಇನ್ನೊಂದು ಪ್ರೋಗ್ರಾಂಗೆ ಬೇಕಿದ್ದರೆ ಅದಕ್ಕೆ ನಿಮ್ಮದು ಸಿಗುತ್ತದೆ. ಅಲ್ಲಿ ಬರೆಯಲು ಅಡ್ಮಿನ್ ಅನುಮತಿ ಬೇಕು. ಎರಡು ವರ್ಷ ಬಿಟ್ಟು ಹೊಸ ಆವೃತ್ತಿ ಬಂದಾಗ ಅಲ್ಲಿ ಹಳೆಯದೊಂದು ಕೂತಿದೆ ಎಂಬುದೇ ನೆನಪಿರುವುದಿಲ್ಲ. ನಾನು ಇದೇ ಕಾರಣಕ್ಕೆ ಒಂದು ಇಡೀ ದಿನ ಕಳೆದಿದ್ದೇನೆ. ಕಣ್ಣೆದುರಿಗಿನ ಫೋಲ್ಡರಿನಲ್ಲಿ ಹೊಸ ಫೈಲು ಇತ್ತು. ಲೋಡ್ ಆಗುತ್ತಿದ್ದದ್ದು ಯಾವಾಗಲೋ ಸಿಸ್‌ವಾವ್64ಗೆ ಹಾಕಿ ಮರೆತ ಹಳೆಯದು.

ಹೊನ್ನಾವರದ ಅಕ್ಕ

ಪಾತ್‌ಗೆ ಫೋಲ್ಡರ್ ಸೇರಿಸಿದರೂ ಓಡುತ್ತದೆ. ನಮ್ಮದು ಮೀನಿನ ಬೋಟುಗಳಿಗೆ ಐಸ್ ಕೊಡುವ ಲೆಕ್ಕ, ನಾಲ್ಕು ಕಂಪ್ಯೂಟರ್. ಅಲ್ಲಿ ನಾನು ಪಾತ್ ದಾರಿಯನ್ನೇ ಹಿಡಿದದ್ದು. ಸೇರಿಸಿದ ಮೇಲೆ ಎಕ್ಸೆಲ್ ಪೂರ್ತಿ ಮುಚ್ಚಿ ತೆರೆಯಬೇಕು. ಓಡುತ್ತಿರುವ ಪ್ರೋಗ್ರಾಂಗೆ ಹೊಸ ಪಾತ್ ತಿಳಿಯುವುದಿಲ್ಲ, ಅದು ಹುಟ್ಟುವಾಗ ಏನು ತಗೊಂಡಿತೋ ಅದೇ ಇರುತ್ತದೆ.

ಆದರೆ ಒಂದು ಮಾತು ಕೈಮುಗಿದು ಹೇಳುತ್ತೇನೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಸೆಟ್‌ಎಕ್ಸ್ ಬಳಸಿ ಪಾತ್ ಬದಲಿಸಬೇಡಿ. ಅದು 1024 ಅಕ್ಷರ ಆದ ಮೇಲಿನದನ್ನು ಕತ್ತರಿಸಿ ಹಾಕುತ್ತದೆ. ಮೂರನೇ ಕಂಪ್ಯೂಟರಿನಲ್ಲಿ ನನಗೆ ಹಾಗಾಯಿತು. ಬಾಲ ತುಂಡಾಗಿ ಪ್ರಿಂಟರಿನ ಪ್ರೋಗ್ರಾಂ ನಿಂತಿತು, ಮತ್ತೊಂದು ಟೂಲ್ ಕಾಣೆಯಾಯಿತು. ಯಾವುದೆಲ್ಲ ಹೋಯಿತು ಅಂತ ಹುಡುಕಿ ಹುಡುಕಿ, ಪಕ್ಕದ ಕಂಪ್ಯೂಟರಿನ ಪಾತ್ ನೋಡಿ ಒಂದೊಂದೇ ಸೇರಿಸಿದೆ. ಸಂಜೆ ಬೋಟಿನವರು ಬಿಲ್ಲಿಗೆ ನಿಂತಿದ್ದರು. ಎನ್ವಿರಾನ್‌ಮೆಂಟ್ ವೇರಿಯೇಬಲ್ಸ್ ಕಿಟಕಿ ತೆರೆದು ಕೈಯಲ್ಲೇ ಒಂದು ಸಾಲು ಸೇರಿಸಿ, ಅದೂ ಯೂಸರ್ ಪಾತ್‌ಗೆ ಸಾಕು. ಶುರು ಮಾಡುವ ಮೊದಲು ಹಳೆಯದನ್ನು ನೋಟ್‌ಪ್ಯಾಡ್‌ಗೆ ಕಾಪಿ ಮಾಡಿ ಇಟ್ಟುಕೊಳ್ಳಿ.

ಅಂಕೋಲೆಯವ

ನಾನು ಎಕ್ಸೆಲ್ ಪ್ರೋಗ್ರಾಂ ಇರುವ ಫೋಲ್ಡರಿಗೇ ಹಾಕಿದ್ದೆ. ಹುಡುಕುವಾಗ ಮೊದಲು ನೋಡುವ ಜಾಗ ಅದೇ, ಹಾಗಾಗಿ ಸಿಗುತ್ತದೆ. ಆಮೇಲೆ ಆಫೀಸ್ 2013 ತೆಗೆದು ಹೊಸದು ಹಾಕಿಸಿದೆ. ಆಫೀಸ್15 ಇದ್ದಲ್ಲಿ ರೂಟ್ ಒಳಗೆ ಆಫೀಸ್16 ಬಂತು, ನನ್ನ ಫೈಲು ಹಳೆಯದರ ಜೊತೆ ಹೋಯಿತು. ಈಗ ಹಾಗೆ ಮಾಡುವುದಿಲ್ಲ.

ಕಾಳಿ ದಂಡೆ, ಕಾರವಾರ

ಅಕ್ಕ ಹೇಳಿದ ಪಾತ್ ದಾರಿ ಸದ್ಯಕ್ಕೆ ನಿಮಗೆ ಸಾಕು ಸರ್. ಇವತ್ತು ಚೀಲ ತೂಗಬೇಕಲ್ಲ. ಯೂಸರ್ ಪಾತ್‌ಗೆ ಡಿ ಡ್ರೈವ್‌ನ "ತೂಕ" ಫೋಲ್ಡರ್ ಸೇರಿಸಿ, ಎಕ್ಸೆಲ್ ಮುಚ್ಚಿ ತೆರೆಯಿರಿ.

ಆದರೆ ಶಾಶ್ವತ ದಾರಿ ಬೇರೆ ಇದೆ, ಅದು ಹುಡುಗನ ಕೈಯಲ್ಲಿದೆ. ಡಿಎಲ್‌ಎಲ್‌ಗಳು ಆಡ್‌ಇನ್ ಪಕ್ಕದಲ್ಲೇ ಇರಬೇಕು. ಆಡ್‌ಇನ್ ತಾನೇ ತನ್ನ ಫೋಲ್ಡರ್ ಯಾವುದು ಅಂತ ತಿಳಿದುಕೊಂಡು, ಪೂರ್ತಿ ದಾರಿ ಕೊಟ್ಟು ಅವನ್ನು ತೆರೆಯಬೇಕು. ಹಾಗೆ ಮಾಡಿದರೆ ಸಿಸ್ಟಮ್ ಫೋಲ್ಡರಾಗಲಿ ಪಾತ್ ಆಗಲಿ ಮುಟ್ಟುವುದೇ ಬೇಡ. ಫೋಲ್ಡರನ್ನು ಎತ್ತಿ ಇನ್ನೊಂದು ಲ್ಯಾಪ್‌ಟಾಪ್‌ಗೆ ಹಾಕಿದರೂ ಓಡುತ್ತದೆ.

ಎಕ್ಸೆಲ್ ಜೊತೆಗೇ ಬರುವ ಸಾಲ್ವರ್ ಎಂಬ ಆಡ್‌ಇನ್ ನೋಡಿ. ಆಫೀಸ್ ಫೋಲ್ಡರಿನ ಒಳಗೆ ಲೈಬ್ರರಿ, ಅದರೊಳಗೆ ಸಾಲ್ವರ್ ಎಂಬ ಫೋಲ್ಡರ್. ಅಲ್ಲಿ ಸಾಲ್ವರ್‌ನ ಎಕ್ಸ್‌ಎಲ್‌ಎಎಮ್ (ಮ್ಯಾಕ್ರೋ ಇರುವ ಆಡ್‌ಇನ್) ಫೈಲೂ ಸಾಲ್ವರ್32 ಡಿಎಲ್‌ಎಲ್ಲೂ ಅಕ್ಕಪಕ್ಕ ಕೂತಿವೆ. ನಾವೂ ಹಾಗೇ ಇಡೋಣ.

ಬರೆದವನು, ಬೆಂಗಳೂರು

ಮಾವ, ಲಿಂಕ್ ಕಳಿಸಿದ್ದಕ್ಕೆ ಥ್ಯಾಂಕ್ಸ್. ಈಗ ರೂಮಿಗೆ ಬಂದು ಎಲ್ಲ ಓದಿದೆ. ಆಡ್‌ಇನ್ ಬರೆದವನು ನಾನೇ. ತಪ್ಪು ನನ್ನದು. ನನ್ನ ಲ್ಯಾಪ್‌ಟಾಪ್‌ನಲ್ಲಿ ಯಾವಾಗಲೂ ಓಪನ್ ಕೊಟ್ಟೇ ತೆರೆಯುತ್ತಿದ್ದೆ, ಅದಕ್ಕೇ ಗೊತ್ತಾಗಲಿಲ್ಲ.

ಕಾರವಾರದ ಅಣ್ಣನಿಗೆ ಒಂದು ಪ್ರಶ್ನೆ. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದದ್ದು, ಲಿಬ್ ಫೈಲು ಕೊಟ್ಟು ನೇರ ಲಿಂಕ್ ಮಾಡಿದ್ದೇನೆ. ಈಗ ಎಕ್ಸ್‌ಎಲ್‌ಆಟೋಓಪನ್ (ಆಡ್‌ಇನ್ ತೆರೆದ ಮೇಲೆ ಎಕ್ಸೆಲ್ ಕರೆಯುವ ಫಂಕ್ಷನ್) ಒಳಗೆ ಲೋಡ್‌ಲೈಬ್ರರಿ (ಡಿಎಲ್‌ಎಲ್ ತೆರೆಯುವ ವಿಂಡೋಸ್ ಫಂಕ್ಷನ್) ಕೊಟ್ಟರೆ ಸಾಕಾ? ಇಲ್ಲಾ ಡಿಎಲ್‌ಎಲ್‌ಮೇನ್ (ಡಿಎಲ್‌ಎಲ್ ತೆರೆಯುವಾಗಲೇ ವಿಂಡೋಸ್ ಕರೆಯುವ ಫಂಕ್ಷನ್) ಒಳಗೆ ಕೊಡಬೇಕಾ?

ಕಾಳಿ ದಂಡೆ, ಕಾರವಾರ

ತಮ್ಮಾ, ಒಳ್ಳೆಯ ಪ್ರಶ್ನೆ. ಹೀಗೇ ಬಿಟ್ಟರೆ ಎರಡರಲ್ಲೂ ಆಗುವುದಿಲ್ಲ. ನೇರ ಲಿಂಕ್ ಮಾಡಿದ ಡಿಎಲ್‌ಎಲ್‌ಗಳನ್ನು ವಿಂಡೋಸ್ ಹುಡುಕುವುದು ನಿನ್ನ ಎಕ್ಸ್‌ಎಲ್‌ಎಲ್ ತೆರೆಯುವ ಗಳಿಗೆಯಲ್ಲೇ. ನಿನ್ನ ಮೊದಲ ಸಾಲು ಓಡುವ ಮೊದಲೇ ಹುಡುಕಿ, ಸಿಗದೆ, ಬಾಗಿಲು ಹಾಕಿಬಿಟ್ಟಿರುತ್ತದೆ. ನಿನ್ನ ಕೋಡಿಗೆ ಸರದಿಯೇ ಬರುವುದಿಲ್ಲ.

ಲಿಂಕರ್‌ನಲ್ಲಿ ಆ ಡಿಎಲ್‌ಎಲ್ ಹೆಸರಿಗೆ ಡಿಲೇಲೋಡ್ ಆಯ್ಕೆ ಕೊಡು. ಜೊತೆಗೆ ಡಿಲೇಇಂಪ್ ಎಂಬ ಲಿಬ್ ಸೇರಿಸು. ಆಗ ಅದರ ಫಂಕ್ಷನ್ ಮೊದಲ ಸಲ ಕರೆಯುವ ತನಕ ಹುಡುಕಾಟ ಶುರುವಾಗುವುದಿಲ್ಲ. ಆ ಮಧ್ಯದ ಹೊತ್ತು ನಿನ್ನದು. ಎಕ್ಸ್‌ಎಲ್‌ಆಟೋಓಪನ್‌ನಲ್ಲಿ ಎಕ್ಸ್‌ಎಲ್‌ಗೆಟ್‌ನೇಮ್ ಕರೆದರೆ ಆಡ್‌ಇನ್‌ನ ಪೂರ್ತಿ ದಾರಿ ಸಿಗುತ್ತದೆ. ಫೈಲಿನ ಹೆಸರು ತೆಗೆದು ಫೋಲ್ಡರ್ ಇಟ್ಟುಕೋ, ಡಿಎಲ್‌ಎಲ್ ಹೆಸರು ಸೇರಿಸು, ಲೋಡ್‌ಲೈಬ್ರರಿಇಎಕ್ಸ್‌ನಿಂದ ತೆರೆ. ಒಮ್ಮೆ ತೆರೆದರೆ ಮುಗಿಯಿತು. ಆಮೇಲೆ ಬರೀ ಹೆಸರು ಕೇಳಿದರೂ "ಈಗಾಗಲೇ ತೆರೆದದ್ದು" ಅಂತ ಅದನ್ನೇ ಕೊಡುತ್ತದೆ.

ಎರಡು ಎಚ್ಚರಿಕೆ. ಡಿಎಲ್‌ಎಲ್‌ಮೇನ್ ಒಳಗೆ ಲೋಡ್‌ಲೈಬ್ರರಿ ಕರೆಯಲೇಬೇಡ. ಆ ಹೊತ್ತಿನಲ್ಲಿ ವಿಂಡೋಸ್ ಲೋಡರ್ ಬೀಗ ಹಾಕಿಕೊಂಡಿರುತ್ತದೆ, ಎಕ್ಸೆಲ್ ಅಲ್ಲೇ ಹೆಪ್ಪುಗಟ್ಟಿ ಕೂರಬಹುದು. ಇನ್ನೊಂದು, ಸೆಟ್‌ಡಿಎಲ್‌ಎಲ್‌ಡೈರೆಕ್ಟರಿ ಸುಲಭ ಅಂತ ಕಾಣುತ್ತದೆ. ಅದು ಇಡೀ ಎಕ್ಸೆಲ್‌ನ ಹುಡುಕುವ ಕ್ರಮವನ್ನೇ ಬದಲಿಸುತ್ತದೆ, ಬೇರೆ ಆಡ್‌ಇನ್‌ಗಳಿಗೂ ತಾಗುತ್ತದೆ. ಬಿಟ್ಟುಬಿಡು.

ನಿನ್ನ ಎರಡು ಡಿಎಲ್‌ಎಲ್‌ಗಳಲ್ಲಿ ಒಂದಕ್ಕೆ ಇನ್ನೊಂದು ಬೇಕಾ?

ಬರೆದವನು, ಬೆಂಗಳೂರು

ಹೌದು ಅಣ್ಣ. ಎಕ್ಸ್‌ಎಲ್‌ಎಲ್‌ಗೆ ತೂಕದ್ದು ಬೇಕು, ತೂಕದ್ದಕ್ಕೆ ಸೀರಿಯಲ್ ಪೋರ್ಟಿನದು ಬೇಕು.

ಕಾಳಿ ದಂಡೆ, ಕಾರವಾರ

ಹಾಗಾದರೆ ಲೋಡ್‌ಲೈಬ್ರರಿಇಎಕ್ಸ್‌ಗೆ "ಲೋಡ್ ವಿತ್ ಆಲ್ಟರ್ಡ್ ಸರ್ಚ್ ಪಾತ್" ಎಂಬ ಗುರುತು ಕೊಡು. ಆಗ ತೂಕದ ಡಿಎಲ್‌ಎಲ್‌ಗೆ ಬೇಕಾದದ್ದನ್ನು ಎಕ್ಸೆಲ್ ಫೋಲ್ಡರಿನ ಬದಲು ಅದೇ ಡಿಎಲ್‌ಎಲ್‌ನ ಫೋಲ್ಡರಿನಲ್ಲಿ ಮೊದಲು ಹುಡುಕುತ್ತದೆ. ದಾರಿ ಪೂರ್ತಿ ಇರಲಿ, ಡ್ರೈವ್ ಅಕ್ಷರದಿಂದ ಶುರುವಾಗಲಿ. ಇಲ್ಲವೆಂದರೆ ಬುಡದಿಂದ ಬಾ. ಮೊದಲು ಪೋರ್ಟಿನದು ತೆರೆ, ಆಮೇಲೆ ತೂಕದ್ದು. ಎರಡೂ ದಾರಿ ಸರಿಯೇ.

ಸಿದ್ದಾಪುರ ಸೀಮೆ

ನಡುವೆ ಬಂದೆ, ಕ್ಷಮಿಸಿ. ನನ್ನದು ಎಕ್ಸ್‌ಎಲ್‌ಎಲ್ ಅಲ್ಲ, ವಿಬಿಎ (ಎಕ್ಸೆಲ್ ಒಳಗೇ ಬರೆಯುವ ಮ್ಯಾಕ್ರೋ ಭಾಷೆ). ತೋಟದ ಕೂಲಿ ಲೆಕ್ಕಕ್ಕೆ ಒಂದು ಎಕ್ಸ್‌ಎಲ್‌ಎಎಮ್ ಇದೆ, ಡಿಕ್ಲೇರ್ ಸಾಲಿನಲ್ಲಿ ಡಿಎಲ್‌ಎಲ್ ಹೆಸರು ಬರೆದಿದೆ. ರನ್‌ಟೈಮ್ ಎರರ್ 53, ಫೈಲು ಸಿಗಲಿಲ್ಲ ಅನ್ನುತ್ತದೆ. ಫೈಲು ಪಕ್ಕದಲ್ಲೇ ಇದೆ. ಡಿಕ್ಲೇರ್ ಸಾಲಿನಲ್ಲಿ ಪೂರ್ತಿ ದಾರಿ ಬರೆದರೆ ಓಡುತ್ತದೆ, ಆದರೆ ಪ್ರತಿ ಕಂಪ್ಯೂಟರಿಗೂ ಬೇರೆ ಬೇರೆ ಬರೆಯಬೇಕಾಗುತ್ತದೆ.

ಹೊನ್ನಾವರದ ಅಕ್ಕ

ಇದು ನನಗೆ ಚೆನ್ನಾಗಿ ಗೊತ್ತು, ನಾನು ಹೇಳುತ್ತೇನೆ. ಡಿಕ್ಲೇರ್ ಸಾಲಿನಲ್ಲಿ ಬರೀ ಹೆಸರೇ ಇರಲಿ. ವರ್ಕ್‌ಬುಕ್ ಓಪನ್ ಆಗುವಾಗ ಮೊದಲು ಓಡುವ ಜಾಗದಲ್ಲಿ ಕರ್ನಲ್32ರ ಲೋಡ್‌ಲೈಬ್ರರಿ ಕರೆಯಿರಿ. ಅದಕ್ಕೆ ದಿಸ್‌ವರ್ಕ್‌ಬುಕ್‌ನ ಪಾತ್, ಒಂದು ಓರೆಗೆರೆ, ಡಿಎಲ್‌ಎಲ್ ಹೆಸರು ಸೇರಿಸಿ ಕೊಡಿ. ಒಳಗೆ ತೆರೆದಿತು ಅಂದಮೇಲೆ ಡಿಕ್ಲೇರ್ ಸಾಲು ಅದನ್ನೇ ಹಿಡಿಯುತ್ತದೆ. ಕಾರವಾರದವರು ಹೇಳಿದ ತತ್ವವೇ.

ಕೆಲವರು ಚೇಂಜ್ ಡೈರೆಕ್ಟರಿ ಕೊಟ್ಟು ಕರೆಂಟ್ ಡೈರೆಕ್ಟರಿಯನ್ನೇ ಬದಲಿಸುತ್ತಾರೆ. ಅದೂ ನಡೆಯುತ್ತದೆ, ಆದರೆ ಆ ಕಮಾಂಡ್ ಡ್ರೈವ್ ಬದಲಿಸುವುದಿಲ್ಲ. ಫೈಲು ಡಿ ಡ್ರೈವ್‌ನಲ್ಲಿದ್ದು ಎಕ್ಸೆಲ್ ಸಿ ಡ್ರೈವ್‌ನಲ್ಲಿ ನಿಂತಿದ್ದರೆ ಚೇಂಜ್ ಡ್ರೈವ್ ಕೂಡ ಕೊಡಬೇಕು. ನೆಟ್‌ವರ್ಕ್ ಫೋಲ್ಡರಿಗೆ ಅದೂ ಆಗುವುದಿಲ್ಲ.

64 ಬಿಟ್ ಎಕ್ಸೆಲ್ ಇದ್ದರೆ ಡಿಕ್ಲೇರ್ ಪಕ್ಕ ಪಿಟಿಆರ್‌ಸೇಫ್ ಇರಲೇಬೇಕು. ಲೋಡ್‌ಲೈಬ್ರರಿ ವಾಪಸ್ ಕೊಡುವುದನ್ನು ಲಾಂಗ್‌ಪಿಟಿಆರ್‌ನಲ್ಲಿ ಹಿಡಿಯಿರಿ. ಎರಡೂ ಆಫೀಸ್ 2010ರಿಂದ ಬಂದದ್ದು.

ಮತ್ತೆ, ಫೈಲು ಒನ್‌ಡ್ರೈವ್ ಫೋಲ್ಡರಿನಲ್ಲಿ ಇದೆಯಾ ನೋಡಿಕೊಳ್ಳಿ. ಇದ್ದರೆ ದಿಸ್‌ವರ್ಕ್‌ಬುಕ್‌ನ ಪಾತ್ ಕೇಳಿದಾಗ ಸಿ ಡ್ರೈವ್‌ನ ದಾರಿ ಬದಲು ಇಂಟರ್‌ನೆಟ್ ವಿಳಾಸ ಬರಬಹುದು. ಲೋಡ್‌ಲೈಬ್ರರಿಗೆ ಅದು ತಿಳಿಯುವುದಿಲ್ಲ. ಆಡ್‌ಇನ್ ಮತ್ತು ಡಿಎಲ್‌ಎಲ್ ಎರಡನ್ನೂ ಒನ್‌ಡ್ರೈವ್‌ನಿಂದ ಹೊರಗೆ ಇಡಿ.

ಸಿದ್ದಾಪುರ ಸೀಮೆ

ಅಕ್ಕಾ, ಒನ್‌ಡ್ರೈವ್‌ನಲ್ಲೇ ಇತ್ತು! ಡಾಕ್ಯುಮೆಂಟ್ಸ್ ಪೂರ್ತಿ ಅಲ್ಲಿಗೆ ಜೋಡಿಸಿದ್ದೆ. ಹೊರಗೆ ತಂದು, ನೀವು ಹೇಳಿದ ಸಾಲು ಸೇರಿಸಿದೆ. ಓಡಿತು. ತುಂಬಾ ಉಪಕಾರವಾಯಿತು.

ವಖಾರಿ ಲೆಕ್ಕ, ಶಿರಸಿ (ಸೋಮವಾರ)

ಅಳಿಯ ಭಾನುವಾರ ಕೂತು ಹೊಸದು ಮಾಡಿ ಕಳಿಸಿದ. ಪಾತ್‌ಗೆ ಸೇರಿಸಿದ್ದನ್ನು ತೆಗೆದು, ಎಕ್ಸೆಲ್ ಮುಚ್ಚಿ ತೆರೆದೆ. ತಾನೇ ಬಂತು! ಲ್ಯಾಪ್‌ಟಾಪ್ ಪೂರ್ತಿ ಆರಿಸಿ ಹಚ್ಚಿದೆ, ಆಗಲೂ ಬಂತು.

ಇನ್ನೊಂದು ಕಷ್ಟ ಉಳಿದಿದೆ. ಹಿಂದಿನ ಗೋದಾಮಿನಲ್ಲಿ ಹಳೆಯದೊಂದು ಡೆಸ್ಕ್‌ಟಾಪ್ ಇದೆ. ಅದೇ ವಿಂಡೋಸ್ 10, ಅದೇ 32 ಬಿಟ್ ಎಕ್ಸೆಲ್. ಅದೇ ಫೋಲ್ಡರ್ ಪೆನ್‌ಡ್ರೈವ್‌ನಲ್ಲಿ ಒಯ್ದು ಹಾಕಿದೆ. ಅಲ್ಲಿ ಮತ್ತೆ ಅದೇ ಎಚ್ಚರಿಕೆ. ಈ ಸಲ ಓಪನ್ ಕೊಟ್ಟರೂ ಇಲ್ಲ.

ಅಂಕೋಲೆಯವ

ಫೈಲಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕೆಳಗೆ ಅನ್‌ಬ್ಲಾಕ್ ಅಂತ ಇದೆಯಾ ನೋಡಿ. ಮೇಲ್‌ನಲ್ಲಿ ಬಂದ ಫೈಲಿಗೆ ವಿಂಡೋಸ್ ಗುರುತು ಹಾಕಿರುತ್ತದೆ. 2023ರಿಂದ ಮೈಕ್ರೋಸಾಫ್ಟ್ 365ರ ಎಕ್ಸೆಲ್ ಅಂಥ ಎಕ್ಸ್‌ಎಲ್‌ಎಲ್ ತೆರೆಯಲು ಬಿಡುವುದಿಲ್ಲ.

ವಖಾರಿ ಲೆಕ್ಕ, ಶಿರಸಿ

ನೋಡಿದೆ, ಅನ್‌ಬ್ಲಾಕ್ ಅಂತ ಏನೂ ಇಲ್ಲ.

ಕಾಳಿ ದಂಡೆ, ಕಾರವಾರ

ಊಹೆ ಮಾಡುವುದು ಬೇಡ, ನೋಡಿಯೇ ಬಿಡೋಣ. ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಪುಟದಿಂದ ಪ್ರೊಸೆಸ್ ಮಾನಿಟರ್ ಇಳಿಸಿಕೊಳ್ಳಿ. ಉಚಿತ, ಇನ್‌ಸ್ಟಾಲ್ ಬೇಡ. ಫಿಲ್ಟರ್‌ನಲ್ಲಿ ಎರಡು ಸಾಲು ಹಾಕಿ. ಪ್ರೊಸೆಸ್ ನೇಮ್ ಎಕ್ಸೆಲ್ ಆಗಿರಬೇಕು. ಪಾತ್ ಡಿಎಲ್‌ಎಲ್‌ನಿಂದ ಮುಗಿಯಬೇಕು. ಆಮೇಲೆ ಎಕ್ಸೆಲ್ ತೆರೆಯಿರಿ. ಎಚ್ಚರಿಕೆ ಬಂದ ಕೂಡಲೇ ರೆಕಾರ್ಡಿಂಗ್ ನಿಲ್ಲಿಸಿ. ರಿಸಲ್ಟ್ ಕಾಲಂನಲ್ಲಿ "ನೇಮ್ ನಾಟ್ ಫೌಂಡ್" ಅಂತ ತುಂಬಾ ಸಾಲು ಬರುತ್ತವೆ, ಹೆದರಬೇಡಿ. ಒಂದೇ ಡಿಎಲ್‌ಎಲ್ ಹೆಸರು ಸಾಲಾಗಿ ನಾಲ್ಕೈದು ಫೋಲ್ಡರಿನಲ್ಲಿ ಸಿಗದೆ, ಕೊನೆಗೆ ಎಲ್ಲೂ "ಸಕ್ಸೆಸ್" ಅಂತ ಬರದೇ ಇದ್ದರೆ ಅದೇ ಕಳ್ಳ.

ವಖಾರಿ ಲೆಕ್ಕ, ಶಿರಸಿ

ಮಗಳನ್ನು ಕೂರಿಸಿಕೊಂಡು ಮಾಡಿದೆ. ಅವಳೇ ಕಂಡುಹಿಡಿದಳು. ವಿಸಿರನ್‌ಟೈಮ್140 ಎಂಬ ಡಿಎಲ್‌ಎಲ್. ಮೊದಲು ಎಕ್ಸೆಲ್ ಪ್ರೋಗ್ರಾಂ ಇರುವ ಫೋಲ್ಡರಿನಲ್ಲಿ ಹುಡುಕಿದೆ, ಆಮೇಲೆ ಸಿಸ್‌ವಾವ್64, ಆಮೇಲೆ ವಿಂಡೋಸ್, ಆಮೇಲೆ ಡಾಕ್ಯುಮೆಂಟ್ಸ್, ಆಮೇಲೆ ಪಾತ್‌ನಲ್ಲಿರುವ ಒಂದೊಂದೇ ಫೋಲ್ಡರ್. ಎಲ್ಲ ಕಡೆ ನೇಮ್ ನಾಟ್ ಫೌಂಡ್. ನೀವು ಶುಕ್ರವಾರ ಬರೆದ ಹುಡುಕುವ ಕ್ರಮ ಕಣ್ಣೆದುರಿಗೇ ಸಾಲಾಗಿ ಕಂಡಿತು! ನಮ್ಮ ಫೈಲು ಮಾತ್ರ ಇದಲ್ಲ.

ಬರೆದವನು, ಬೆಂಗಳೂರು

ಗೊತ್ತಾಯಿತು ಮಾವ. ಅದು ವಿಷುವಲ್ ಸಿ ಪ್ಲಸ್ ಪ್ಲಸ್ ರನ್‌ಟೈಮ್. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಬೇರೆ ಯಾವುದೋ ಸಾಫ್ಟ್‌ವೇರ್ ಜೊತೆ ಬಂದಿತ್ತು, ಡೆಸ್ಕ್‌ಟಾಪ್‌ನಲ್ಲಿ ಇಲ್ಲ.

ಕಾಳಿ ದಂಡೆ, ಕಾರವಾರ

ಹೌದು. ಇದನ್ನು ಮಾತ್ರ ಒಂಟಿ ಫೈಲಾಗಿ ಅಲ್ಲಿ ಇಲ್ಲಿ ಸಿಗುವ ವೆಬ್‌ಸೈಟಿನಿಂದ ಇಳಿಸಿ ಹಾಕಬೇಡಿ. ಮೈಕ್ರೋಸಾಫ್ಟ್ ಕೊಡುವ ವಿಷುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟೆಬಲ್ ಹಾಕಿ. 2015, 2017, 2019, 2022 ನಾಲ್ಕಕ್ಕೂ ಒಂದೇ ಸಾಕು. ಎಕ್ಸ್86 ಮತ್ತು ಎಕ್ಸ್64 ಅಂತ ಎರಡಿರುತ್ತವೆ. ನಿಮಗೆ ಬೇಕಾದದ್ದು ಎಕ್ಸ್86, ನಿಮ್ಮ ವಿಂಡೋಸ್ 64 ಬಿಟ್ ಆಗಿದ್ದರೂ. ನೋಡಬೇಕಾದದ್ದು ಎಕ್ಸೆಲ್ ಎಷ್ಟು ಬಿಟ್ ಅಂತ.

ಬಿಟ್ ತಪ್ಪಿದರೆ ಏನಾಗುತ್ತದೆ ಅಂತಲೂ ಹೇಳಿಬಿಡುತ್ತೇನೆ, ಮುಂದೆ ಓದುವವರಿಗೆ ಬೇಕಾಗುತ್ತದೆ. ಲೋಡ್‌ಲೈಬ್ರರಿ ಸೋತಾಗ ವಿಂಡೋಸ್ ಒಂದು ಎರರ್ ಸಂಖ್ಯೆ ಕೊಡುತ್ತದೆ. 126 ಅಂದರೆ ಆ ಫೈಲೋ, ಅದಕ್ಕೆ ಬೇಕಾದ ಇನ್ನೊಂದೋ ಸಿಗಲಿಲ್ಲ. 193 ಅಂದರೆ ಫೈಲು ಸಿಕ್ಕಿದೆ, ಆದರೆ 32 ಬಿಟ್ ಎಕ್ಸೆಲ್‌ಗೆ 64 ಬಿಟ್ ಡಿಎಲ್‌ಎಲ್ ಕೊಟ್ಟಿದ್ದೀರಿ, ಇಲ್ಲಾ ಉಲ್ಟಾ. ವಿಬಿಎ ಮಾತ್ರ ಎರರ್ 53 ಅಂತ ಫೈಲೇ ಇಲ್ಲ ಅನ್ನುತ್ತದೆ, ಫೈಲು ಇದ್ದು ಅದಕ್ಕೆ ಬೇಕಾದದ್ದು ಇಲ್ಲದಿದ್ದಾಗಲೂ. ಹಾಗಾಗಿ ತಮ್ಮಾ, ಲೋಡ್ ಆಗದಿದ್ದರೆ ಆ ಸಂಖ್ಯೆಯನ್ನೂ ಹುಡುಕಿದ ದಾರಿಯನ್ನೂ ಒಂದು ಸಂದೇಶದಲ್ಲಿ ತೋರಿಸುವ ಹಾಗೆ ಮಾಡು. ನಿನ್ನ ಮಾವ ಫೋನಿನಲ್ಲಿ ಆ ಸಂಖ್ಯೆ ಓದಿ ಹೇಳಿದರೆ ನಿನಗೆ ಅರ್ಧ ಕೆಲಸ ಮುಗಿದ ಹಾಗೆ.

ಕುಮಟಾ ಪೇಟೆ

ನಾನು ಮೊದಲು ಹೇಳಿದ್ದು ಸರಿಯಿರಲಿಲ್ಲ ಅಂತ ಈಗ ಅರ್ಥವಾಯಿತು. ಒಂದು ಸಂಶಯ. ಎಲ್ಲರೂ ತಮ್ಮ ತಮ್ಮ ಫೋಲ್ಡರಿನಲ್ಲಿ ಡಿಎಲ್‌ಎಲ್ ಇಟ್ಟುಕೊಂಡರೂ, ಎರಡು ಆಡ್‌ಇನ್‌ಗಳಲ್ಲಿ ಒಂದೇ ಹೆಸರಿನದು ಇದ್ದರೆ?

ಕಾಳಿ ದಂಡೆ, ಕಾರವಾರ

ಅದು ನಿಜವಾಗಿಯೂ ಕಾಡುವ ತೊಂದರೆ. ಎಸ್‌ಕ್ಯೂಲೈಟ್3, ಜಡ್‌ಲಿಬ್1 ಇಂಥ ಸಿದ್ಧ ಡಿಎಲ್‌ಎಲ್‌ಗಳನ್ನು ತುಂಬಾ ಜನ ಬಳಸುತ್ತಾರೆ. ಬರೀ ಹೆಸರಿನಿಂದ ಕೇಳಿದರೆ ಮೊದಲು ತೆರೆದ ಆಡ್‌ಇನ್‌ನದೇ ಎರಡನೆಯದಕ್ಕೂ ಸಿಗುತ್ತದೆ. ಅದು ಹಳೆಯ ಆವೃತ್ತಿಯಾಗಿದ್ದರೆ ಎರಡನೆಯ ಆಡ್‌ಇನ್ ಬೀಳುತ್ತದೆ. ಯಾವ ಆಡ್‌ಇನ್ ಮೊದಲು ತೆರೆಯಿತು ಎಂಬುದರ ಮೇಲೆ ನಿಂತ ತೊಂದರೆ ಇದು, ಹಿಡಿಯುವುದು ಬಹಳ ಕಷ್ಟ. ನಿಮ್ಮದೇ ಡಿಎಲ್‌ಎಲ್ ಆದರೆ ಬೇರೆ ಯಾರೂ ಇಡದ ಹೆಸರು ಇಡಿ. ಬೇರೆಯವರ ಲೈಬ್ರರಿ ಆದರೆ, ಅದರ ಲೈಸೆನ್ಸ್ ಒಪ್ಪಿದರೆ, ಸ್ಟ್ಯಾಟಿಕ್ ಲಿಂಕ್ ಮಾಡಿ ಎಕ್ಸ್‌ಎಲ್‌ಎಲ್ ಒಳಗೇ ಸೇರಿಸಿಬಿಡಿ. ಆಗ ಪ್ರಶ್ನೆಯೇ ಇಲ್ಲ. ಡಾಟ್‌ನೆಟ್‌ನಲ್ಲಿ ಬರೆಯುವವರಿಗೆ ಎಕ್ಸೆಲ್ ಡಿಎನ್‌ಎ ಎಂಬ ಉಚಿತ ಲೈಬ್ರರಿ ಇದೆ. ಅದು ಜೊತೆಯ ಡಾಟ್‌ನೆಟ್ ಡಿಎಲ್‌ಎಲ್‌ಗಳನ್ನು ಒಂದೇ ಎಕ್ಸ್‌ಎಲ್‌ಎಲ್ ಒಳಗೆ ಕಟ್ಟಿಕೊಡುತ್ತದೆ.

ಬರೆದವನು, ಬೆಂಗಳೂರು

ಹಾಗಾದರೆ ರನ್‌ಟೈಮ್ ಕೂಡ ಸ್ಟ್ಯಾಟಿಕ್ ಆಗಿ ಸೇರಿಸುತ್ತೇನೆ ಅಣ್ಣ. ಪೋರ್ಟಿನ ಡಿಎಲ್‌ಎಲ್‌ನ ಕೋಡೂ ನನ್ನ ಹತ್ತಿರ ಇದೆ. ಮೂರು ಫೈಲು ಒಂದಾಗುತ್ತದೆ. ಮಾವ ಪೆನ್‌ಡ್ರೈವ್‌ನಲ್ಲಿ ಒಂದು ಫೈಲು ಒಯ್ದರೆ ಸಾಕು.

ಕಾಳಿ ದಂಡೆ, ಕಾರವಾರ

ಅದಕ್ಕಿಂತ ಒಳ್ಳೆಯದು ಇಲ್ಲ. ಕಾಟಾ ಬದಲಾದರೆ ಪೂರ್ತಿ ಎಕ್ಸ್‌ಎಲ್‌ಎಲ್ ಮತ್ತೆ ಕಳಿಸಬೇಕು, ಅಷ್ಟೇ.

ವಖಾರಿ ಲೆಕ್ಕ, ಶಿರಸಿ (ಗುರುವಾರ ಸಂಜೆ)

ಎಕ್ಸ್86 ಹಾಕಿದ ಮೇಲೆ ಗೋದಾಮಿನದೂ ಓಡಿತು. ಇವತ್ತು ಅಳಿಯ ಕಳಿಸಿದ ಒಂದೇ ಫೈಲಿನ ಆಡ್‌ಇನ್ ಎರಡರಲ್ಲೂ ಹಾಕಿದ್ದೇನೆ. ಹಳೆಯ ಎರಡು ಡಿಎಲ್‌ಎಲ್ ಸಿಸ್ಟಮ್32ರಿಂದ ತೆಗೆದದ್ದಾಗಿದೆ, ಮಗಳು ಇನ್ನೊಮ್ಮೆ ಹುಡುಕಿ ನೋಡಿದಳು, ಎಲ್ಲೂ ಉಳಿದಿಲ್ಲ.

ಮಧ್ಯಾಹ್ನ ಮತ್ತೆ ಕರೆಂಟು ಹೋಗಿ ಬಂತು. ಡೆಸ್ಕ್‌ಟಾಪ್ ಆರಿ ಹತ್ತಿತು. ಬಾಗಿಲಲ್ಲಿ ಹೆಗಡೆಕಟ್ಟೆ ಕಡೆಯವರ ಗಾಡಿ ನಿಂತಿತ್ತು, ಹನ್ನೊಂದು ಚೀಲ ಚಾಲಿ. ಎಕ್ಸೆಲ್ ತೆರೆದು, ಮೊದಲ ಚೀಲ ಕಾಟಾದ ಮೇಲೆ ಇಟ್ಟೆವು. ಕಾಟಾದಲ್ಲಿ 65.20. ಸೆಲ್‌ನಲ್ಲಿ 65.20. ತಂದವರನ್ನೂ ಕರೆದು ತೋರಿಸಿದೆ.